ಇಂಗ್ಲಿಷ್ ಕಾದಂಬರಿಗೊಬ್ಬ ಸೋದರಮಾವ

ಫೋನಿನಲ್ಲಿ ಕನ್ನಡ ಒತ್ತುವುದನ್ನು ಮೊಮ್ಮಗಳು ಕಲಿಸಿಕೊಟ್ಟಾಗಿನಿಂದ ನನಗೆ ಊಟಕ್ಕೂ ಬಿಡುವಿಲ್ಲ. ಎದುರಿಗೆ ಕೂತವರಿಗೆ ಹೇಳಲಾಗದ್ದನ್ನೆಲ್ಲ ಬೆರಳಲ್ಲಿ ಹೇಳಬಹುದು, ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ ಎಂದು ಹಿಗ್ಗಿದ್ದೆ. ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಬಾಯಿ ಹಾಕುವುದಕ್ಕೆ ಫೋನೇ ಇದೆಯಲ್ಲ! ನಾನು ಒಂದು ಪದ ಒತ್ತಿ ಉಸಿರು ಬಿಡುವಷ್ಟರಲ್ಲಿ ಮುಂದಿನ ಪದವನ್ನು ತಾನೇ ತಂದು ಮುಂದಿಡುತ್ತದೆ. 'ನನಗೆ' ಎಂದರೆ ಸಾಕು, 'ಗೊತ್ತಿಲ್ಲ' ಎನ್ನುತ್ತದೆ. ನನಗೆ ಗೊತ್ತಿಲ್ಲವೆಂದು ಇದಕ್ಕೆ ಯಾರು ಹೇಳಿದರೋ! ನಿನ್ನೆ ಗೆಳತಿಯೊಬ್ಬಳಿಗೆ 'ಸೊಂಟ' ಎಂದು ಒತ್ತಿದೆ. ತಕ್ಷಣ 'ನೋವು' ಎಂದು ತೋರಿಸಿತು. ಅದಂತೂ ನಿಜ, ಒಪ್ಪಿಕೊಂಡೆ.

ಮೊಮ್ಮಗಳ ಹತ್ತಿರ ದೂರು ಹೇಳಿದೆ. "ಅಜ್ಜೀ, ಅದು ನೀನು ಮುಂದೆ ಏನ್ ಹೇಳ್ತೀಯ ಅಂತ ಗೆಸ್ ಮಾಡುತ್ತೆ ಅಷ್ಟೆ. ಬೇಡ ಅಂದ್ರೆ ಬಿಟ್ಬಿಡು," ಎಂದಳು. ಬಿಟ್ಟೆ. ಆದರೆ ಇನ್ನೊಬ್ಬರ ಕತೆಗೆ ಹೀಗೆ ಮುಂಚೆಯೇ ಮಾತು ತುರುಕುವ ಚಾಳಿಯನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಮನಸ್ಸು ಕೆದಕತೊಡಗಿತು. ಎಲ್ಲಿ ಅಂತೀರಿ? ಯಲಹಂಕದಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ.

ಅರವತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ನಾನು ಪಿಯುಸಿಗೆಂದು ದಿನವೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದೆ. ಹೌದು, ಆಗ ನಾವು 'ಬೆಂಗಳೂರಿಗೆ' ಹೋಗಿಬರುತ್ತಿದ್ದೆವು; ಯಲಹಂಕ ಬೇರೆ ಊರು. ಹೆಬ್ಬಾಳದ ಕೆರೆ ಬಂದಾಗ ಕಿಟಕಿಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಕಷ್ಟಪಟ್ಟು ಎಣ್ಣೆ ಹಚ್ಚಿ ಬಾಚಿದ ತಲೆ ಅಲ್ಲಿಗೆ ಕೆದರಿ, ಕಾಲೇಜಿಗೆ ಕಾಲಿಡುವಾಗ ನಾನು ಗದ್ದೆಯಲ್ಲಿ ನಿಲ್ಲಿಸಿದ ಬೆದರುಗೊಂಬೆಯ ಹಾಗೆ ಕಾಣುತ್ತಿದ್ದೆ. ನಮ್ಮ ಬೀದಿಯಲ್ಲಿ ಕಾಲೇಜು ಕಂಡ ಮೊದಲ ಹುಡುಗಿ ನಾನು. ಮನೆಯ ಹೆಂಗಸರಿಗೆ ಅದರ ಬಗ್ಗೆ ಹೆಮ್ಮೆಯೇನೋ ಇತ್ತು. ಆದರೆ ಓದುತ್ತೇನೆ ಎಂದು ಕೆಲಸ ತಪ್ಪಿಸಿಕೊಳ್ಳುವಷ್ಟು ದೊಡ್ಡ ಹೆಮ್ಮೆಯಲ್ಲ.

ಅವರೆಕಾಯಿ ಕಾಲ ಬಂತೆಂದರೆ ಮುಗಿಯಿತು. ಸುಲಿದ ಕಾಳನ್ನು ರಾತ್ರಿ ನೆನೆಹಾಕಿ, ಮಾರನೆಯ ಮಧ್ಯಾಹ್ನ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿತುಕಬೇಕು. ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ, ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಹೊಸಬರಾದರೆ ಎದುರಿಗೆ ಕೂತವರ ಕಣ್ಣಿಗೆ ಬೀಳುತ್ತದೆ. ಬೇಸರದ ಕೆಲಸ, ಮಾತಿಲ್ಲದೆ ಆಗುವುದಿಲ್ಲ. ಅದಕ್ಕೇ ಅಜ್ಜಿ ಒಂದು ದಿನ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, "ಅದೇನಮ್ಮಿ ಅಷ್ಟು ದಪ್ಪ ಬುಕ್ಕು? ಒಬ್ಬಳೇ ಓದ್ಕೊಂಡು ಒಬ್ಬಳೇ ನಗ್ತೀಯಲ್ಲ. ನಮಗೂ ಯೋಳು," ಎಂದಳು.

ಅದು ನಮಗೆ ನಾನ್-ಡೀಟೇಲ್ ಆಗಿ ಇಟ್ಟಿದ್ದ ಹಳೆಯ ಇಂಗ್ಲಿಷ್ ಕಾದಂಬರಿ. ಅದರ ಹೆಸರು ಹೇಳುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಓದಿಕೊಂಡವರು ನಿಮ್ಮಲ್ಲೂ ಇರುತ್ತೀರಿ, ನಮ್ಮ ಜಗಲಿಯಲ್ಲಿ ಅದಕ್ಕಾದ ಗತಿ ಕೇಳಿ ಜಗಳಕ್ಕೆ ಬರುತ್ತೀರಿ. ಇಷ್ಟು ತಿಳಿದರೆ ಸಾಕು: ಸಮುದ್ರದ ಹತ್ತಿರ ಒಂದು ದೊಡ್ಡ ಮನೆ. ಅದರಲ್ಲಿ ತಾಯಿಯಿಲ್ಲದ ಒಬ್ಬ ಹುಡುಗಿ. ಅವಳ ಮೇಲೆ ಪ್ರಾಣವಿಟ್ಟುಕೊಂಡೂ ಅದನ್ನು ಬಾಯಿಬಿಟ್ಟು ಹೇಳದ ಅಪ್ಪ. ಹುಡುಗಿಗೆ ಪೇಟೆಯ ಗಡಿಯಾರ ರಿಪೇರಿಯವನ ಮಗನ ಮೇಲೆ ಮನಸ್ಸು. ಅಪ್ಪ ಗೊತ್ತುಮಾಡಿರುವುದು ಪಕ್ಕದ ಜಮೀನ್ದಾರನನ್ನು. ಆ ಜಮೀನ್ದಾರ ಕೆಟ್ಟವನಾಗಿದ್ದರೆ ಎಲ್ಲ ಸುಲಭವಾಗುತ್ತಿತ್ತು. ಆದರೆ ಅವನು ಒಳ್ಳೆಯವನು, ಹುಡುಗಿ ಚಿಕ್ಕವಳಿದ್ದಾಗ ಅವಳಿಗೆ ಕುದುರೆ ಸವಾರಿ ಕಲಿಸಿದವನು. ಅಪ್ಪನಿಗೆ ನೋವು ಕೊಡಲಾರದೆ, ಮನಸ್ಸು ಕೊಟ್ಟವನನ್ನು ಬಿಡಲಾರದೆ, ಹುಡುಗಿ ಅಧ್ಯಾಯಗಟ್ಟಲೆ ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಇಂಗ್ಲಿಷ್ ಕಾದಂಬರಿಗಳಲ್ಲಿ ಕಿಟಕಿಗಳು ಬಹಳ.

ಜಗಲಿಯ ಮೇಲೆ ನಾವು ಐದು ಜನ. ಅಜ್ಜಿ ಎಂದರೆ ಅಮ್ಮನ ತಾಯಿ; ಹಿಂದಿನ ಬೀದಿಯಲ್ಲಿ ಮಗನ ಜೊತೆ ಇದ್ದವಳು ಮಧ್ಯಾಹ್ನವಾಯಿತೆಂದರೆ ನಮ್ಮಲ್ಲಿಗೆ ಬರುತ್ತಿದ್ದಳು. ಅಮ್ಮ. ನನ್ನ ಅಕ್ಕ ಶಾರದೆ. ಎದುರು ಮನೆಯ ಜೈನಾಬಿ, ಜಟಕಾ ಓಡಿಸುತ್ತಿದ್ದ ಸಾಹೇಬರ ಹೆಂಡತಿ, ಅವರೆಬೇಳೆ ಹಿತುಕುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಮತ್ತೆ ನಾನು, ಕತೆ ಹೇಳುವ ನೆಪದಲ್ಲಿ ಕಡಿಮೆ ಕಾಳು ಹಿತುಕುವವಳು.

ಹುಡುಗಿಯ ಇಂಗ್ಲಿಷ್ ಹೆಸರು ಯಾರ ನಾಲಿಗೆಯಲ್ಲೂ ನಿಲ್ಲಲಿಲ್ಲ. ಅಜ್ಜಿ ಅವಳನ್ನು ಚೆನ್ನಿ ಎಂದಳು. ಚೆನ್ನಿಯ ತಾಯಿ ಸತ್ತ ಸಂಗತಿ ಹೇಳುತ್ತಿದ್ದಂತೆ ಕೈ ನಿಲ್ಲಿಸಿ ಕೇಳಿದಳು:

"ಅವಳ ಸೋದರಮಾವ ಎಲ್ಲೋದ?"

"ಸೋದರಮಾವ ಇಲ್ಲ ಅಜ್ಜಿ."

"ಸತ್ತೋದ್ನಾ?"

"ಇಲ್ಲ. ಇಲ್ವೇ ಇಲ್ಲ."

"ಇಲ್ದೆ ಇರಾಕಾಯ್ತದಾ? ತಾಯಿ ಇಲ್ದಿರೋ ಎಣ್ಣುಮಗೂಗೆ ಮಾವನೂ ಇಲ್ವಂತೆ! ಬುಕ್ಕು ಬರ್ದೋನು ಮರ್ತಿರ್ತಾನೆ ಬುಡು."

ಜೈನಾಬಿ ತಲೆಯಾಡಿಸಿದಳು. "ಹೌದು ಮಾ, ಮಾಮೂ ಇಲ್ದೆ ಶಾದಿ ಮಾತು ಯಾರು ಆಡೋದು?"

ಅಲ್ಲಿಗೆ ತೀರ್ಮಾನವಾಯಿತು. ಮಾರನೆಯ ಮಧ್ಯಾಹ್ನದಿಂದ ಕಾದಂಬರಿಯೊಳಗೆ ಒಬ್ಬ ಸೋದರಮಾವ ಬಂದ. ನಾನು ಕರೆತರಲಿಲ್ಲ, ಅವನೇ ಬಂದ. ಅಪ್ಪ ಚೆನ್ನಿಯನ್ನು ಗದರಿದ ಎಂದು ನಾನು ಹೇಳುವಷ್ಟರಲ್ಲಿ ಅಜ್ಜಿ, "ಅಷ್ಟೊತ್ತಿಗೆ ಮಾವ ಬಂದ ಅನ್ನು," ಎನ್ನುತ್ತಿದ್ದಳು. ಮಾವ ಬರುತ್ತಿದ್ದ. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಏನ್ ಬಾವ, ನಮ್ಮಕ್ಕ ಇಲ್ಲ ಅಂತ ಅವಳ ಮಗಳ್ನ ಇಂಗಾ ನೋಡ್ಕೊಳ್ಳೋದು?" ಎಂದು ಆ ಇಂಗ್ಲಿಷ್ ದೊರೆಯನ್ನು ಕೇಳುತ್ತಿದ್ದ. ದೊರೆ ತಲೆ ತಗ್ಗಿಸುತ್ತಿದ್ದ. ಜಗಲಿಯ ಮೇಲೆ ಎಲ್ಲರಿಗೂ ತೃಪ್ತಿಯಾಗುತ್ತಿತ್ತು. ಪುಸ್ತಕದಲ್ಲಿ ಮೂರು ಅಧ್ಯಾಯ ಎಳೆದ ಕಷ್ಟವನ್ನು ಮಾವ ಅರ್ಧ ಮೊರ ಕಾಳು ಮುಗಿಯುವುದರೊಳಗೆ ಬಗೆಹರಿಸುತ್ತಿದ್ದ.

ಅದು ಯಾರ ಟವೆಲ್ಲು, ಯಾರ ಗಂಟಲು ಎಂದು ನಮಗೆಲ್ಲ ಗೊತ್ತಿತ್ತು. ಅಜ್ಜಿಯ ಒಬ್ಬನೇ ಮಗ, ನಮ್ಮ ಸ್ವಂತ ಸೋದರಮಾವ ಕೆಂಪಣ್ಣ, ಮನೆಗೆ ಬರುವುದು ಹಾಗೆಯೇ. ಕೆರೆಯ ಹಿಂದೆ ಅವನ ದ್ರಾಕ್ಷಿ ತೋಟ. ಮಾತು ಕಡಿಮೆ. ನಾವು ಚಿಕ್ಕವರಿದ್ದಾಗ ಶಾರದಕ್ಕನನ್ನು ಒಂದು ಹೆಗಲ ಮೇಲೆ, ನನ್ನನ್ನು ಇನ್ನೊಂದರ ಮೇಲೆ ಕೂರಿಸಿಕೊಂಡು ತೋಟ ಸುತ್ತುತ್ತಿದ್ದ. ನಾನು ದಪ್ಪಗಿದ್ದೆನಾದ್ದರಿಂದ ಅವನು ಯಾವಾಗಲೂ ಸ್ವಲ್ಪ ಎಡಕ್ಕೆ ವಾಲಿ ನಡೆಯುತ್ತಿದ್ದ.

ಈಗ ವಿಷಯಕ್ಕೆ ಬರುತ್ತೇನೆ. ಶಾರದಕ್ಕ ಹುಟ್ಟಿದಾಗಲೇ ಅವಳು ಕೆಂಪಣ್ಣ ಮಾವನಿಗೆ ಎಂದು ಗೊತ್ತಾಗಿತ್ತು. ಅಕ್ಕನ ಮಗಳನ್ನು ಮದುವೆಯಾಗುವುದು ನಮ್ಮಲ್ಲಿ ವಿಶೇಷವೇನಲ್ಲ, ವಿಶೇಷವಾಗುವುದು ಆಗದಿದ್ದರೆ. ಅವನು ಇನ್ನೂ ಮದುವೆಯಾಗದೆ ಇದ್ದದ್ದೂ ಅದಕ್ಕೇ. ಸಂಕ್ರಾಂತಿ ಕಳೆದ ಮೇಲೆ ಲಗ್ನ ಇಡಿಸುವುದೆಂದು ಅಜ್ಜಿ ಹೇಳಿಯಾಗಿತ್ತು. ಅಜ್ಜಿ ಹೇಳಿದ್ದಕ್ಕೆ ಅಮ್ಮ ಹೂಂ ಎನ್ನುತ್ತಿದ್ದಳು, ಅಮ್ಮ ಹೂಂ ಎಂದದ್ದಕ್ಕೆ ಅಪ್ಪ ಹೂಂ ಎನ್ನುತ್ತಿದ್ದರು.

ಹೂಂ ಎನ್ನಲಾಗದೆ ಒದ್ದಾಡುತ್ತಿದ್ದವಳು ಶಾರದಕ್ಕ. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ನಮ್ಮೂರ ಶಾಲೆಗೆ ಹೊಸದಾಗಿ ಬಂದಿದ್ದ ಪುಟ್ಟಸ್ವಾಮಿ ಮೇಷ್ಟ್ರು ತಣಿಸಂದ್ರದವರು, ನಮ್ಮ ಜನವೇ. ಆದರೆ ಹೊರಗಿನ ಸಂಬಂಧ. ಅಕ್ಕ ನೀರಿಗೆ ಹೋಗುವಾಗ ಅವರು ಸೈಕಲ್ಲಿನಿಂದ ಇಳಿದು ನಡೆಯುತ್ತಿದ್ದರು. ಅಷ್ಟೇ. ಇಷ್ಟಕ್ಕೆ ಪ್ರೀತಿ ಎನ್ನುತ್ತಾರಾ ಎಂದು ಈಗಿನ ಮಕ್ಕಳು ನಗಬಹುದು. ಆಗ ಸೈಕಲ್ಲಿನಿಂದ ಇಳಿಯುವುದೆಂದರೆ ಬಹಳ ದೊಡ್ಡ ಮಾತು.

"ಮಾವನಿಗೆ ಹೇಳ್ಬಿಡು ಅಕ್ಕ," ಎಂದಿದ್ದೆ.

"ಏನಂತ ಹೇಳ್ಲಿ? ಅವನೇನು ತಪ್ಪು ಮಾಡಿದಾನೆ? ನಂಗೆ ಜ್ವರ ಬಂದ್ರೆ ಅಮ್ಮನಿಗಿಂತ ಮುಂಚೆ ಬರೋನು ಅವ್ನು. ಅವನ ಮುಖ ನೋಡ್ಕೊಂಡು ನೀನು ಬೇಡ ಅಂತ ಹೆಂಗೇ ಅನ್ಲಿ?"

ಅಂದರೆ ಕಿಟಕಿಯ ಹತ್ತಿರ ನಿಂತವಳು ಚೆನ್ನಿಯೊಬ್ಬಳೇ ಆಗಿರಲಿಲ್ಲ. ಜಗಲಿಯ ಮೇಲೆ ತಲೆ ತಗ್ಗಿಸಿ ಕಾಳು ಹಿತುಕುತ್ತ, ನಾನು ಸ್ವಲ್ಪ ನಿಲ್ಲಿಸಿದರೂ ಸಣ್ಣ ದನಿಯಲ್ಲಿ "ಆಮೇಲೆ?" ಎನ್ನುತ್ತಿದ್ದವಳು ಅಕ್ಕ.

ಹಾಗೆಯೇ ಕತೆ ಕಷ್ಟದ ಜಾಗಕ್ಕೆ ಬಂತು. ಅಪ್ಪ ಚೆನ್ನಿಯನ್ನು ಮಹಡಿಯ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಗಡಿಯಾರದವನ ಮಗನನ್ನು ಊರು ಬಿಡಿಸುತ್ತಾನೆ. ಜಮೀನ್ದಾರ ಹೊಸ ಕೋಟು ಹೊಲಿಸಿಕೊಳ್ಳುತ್ತಾನೆ. ಇನ್ನೇನು ಮದುವೆ. ಎಲ್ಲರೂ ಅಜ್ಜಿಯ ಕಡೆ ನೋಡಿದೆವು, ಮಾವನನ್ನು ಯಾವ ಬಾಗಿಲಿಂದ ಕರೆತರುತ್ತಾಳೆಂದು.

ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಇದರಲ್ಲೇನೈತೆ? ಆ ಗಡಿಯಾರದೋನೂ ಬ್ಯಾಡ, ಈ ಕೋಟಿನೋನೂ ಬ್ಯಾಡ. ಮಾವನೇ ತಾಳಿ ಕಟ್ಟಿ ಕರ್ಕೊಂಡೋದ ಅನ್ನು. ಮುಗೀತು ಕತೆ. ಸಂಕ್ರಾಂತಿಗೆ ಮುಂಚೆ ಬುಕ್ಕೂ ಮುಗೀತದೆ."

ಇಷ್ಟು ದಿನ ಚೆನ್ನಿಯನ್ನು ಕಾಪಾಡಲು ಸಾಕಿ ಬೆಳೆಸಿದ ಮಾವ ಹೀಗೆ ತಿರುಗಿ ನಿಲ್ಲುತ್ತಾನೆಂದು ಯಾರಿಗೆ ಗೊತ್ತಿತ್ತು!

ಜೈನಾಬಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ತೋಬಾ ತೋಬಾ! ಮಾಮೂ ಜೊತೆ ಶಾದಿನಾ? ಮಾಮೂ ಅಂದ್ರೆ ಬಾಪಿನ ಹಂಗೆ ಅಲ್ವಾ ಅಜ್ಜಿ!"

"ಓಹೋ! ನೀವು ಚಿಕ್ಕವ್ವನ ಮಗನ್ನೇ ಆಯ್ತೀರಲ್ಲ. ನಮ್ಮಲ್ಲಿ ಅವನು ಒಡಹುಟ್ಟಿದೋನು. ಅದಕ್ಕೆ ನಾನು ಕೆನ್ನೆ ಬಡ್ಕೊಂಡ್ನಾ?"

"ನೀವು ಮಾಮೂನ್ನ ಬಿಡಿ, ನಾವು ಖಾಲಾ ಮಗನ್ನ ಬಿಡ್ತೀವಿ. ರಾಜಿ ಆಗೋಣ," ಎಂದಳು ಜೈನಾಬಿ. ಅಮ್ಮನಿಗೆ ನಗು ತಡೆಯಲಾಗದೆ ಒಂದು ಬೇಳೆ ಚಿಮ್ಮಿ ಅಜ್ಜಿಯ ಮೂಗಿಗೆ ಬಡಿಯಿತು. ಆ ನಗುವಿನ ಮಧ್ಯೆ ಶಾರದಕ್ಕ ಮಾತಾಡಿದಳು. ತಲೆಯೆತ್ತಲಿಲ್ಲ.

"ಮಾವನೇ ಕಟ್ಕೊಂಡ್ರೆ, ನಾಳೆ ಗಂಡನ ಮನೇಲಿ ಕಷ್ಟ ಅಂತ ಅವಳು ಯಾರ ಹತ್ರ ಹೋಗಿ ಅಳ್ಬೇಕು ಅಜ್ಜಿ? ಅವಳಿಗಿರೋದು ಒಬ್ಬನೇ ಮಾವ. ಗಂಡ ಬೇಕಾದ್ರೆ ಸಿಗ್ತಾನೆ. ಇರೋ ಒಬ್ಬ ಮಾವನೂ ಹೋಗ್ಬಿಟ್ರೆ?"

ನಗು ನಿಂತಿತು. ಅಕ್ಕನ ಕೈ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಅವಳ ಕಣ್ಣಿಂದ ನೀರು ನೇರವಾಗಿ ಬೇಳೆಯ ಪಾತ್ರೆಗೆ ಬೀಳುತ್ತಿತ್ತು. ಅಜ್ಜಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಆ ಪುಸ್ತಕವನ್ನು ಹಾವನ್ನು ನೋಡಿದ ಹಾಗೆ ನೋಡಿದಳು.

"ಯಾರ ಮಾತು ಆಡ್ತಾ ಇದ್ದೀಯೆ ನೀನು?" ಎಂದಳು.

ಆಗ ಬಾಗಿಲ ಹತ್ತಿರ ಗಂಟಲು ಸರಿಮಾಡಿಕೊಂಡ ಶಬ್ದ. ಕೆಂಪಣ್ಣ ಮಾವ ಅವರೆಕಾಯಿಯ ಮೂಟೆ ಹೊತ್ತು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮೂಟೆಯನ್ನು ಮೆಲ್ಲಗೆ ಇಳಿಸಿದ. ಜಗಲಿಯ ಅಂಚಿನಲ್ಲಿ ಕೂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡ.

"ಉಡ್ಗಿ ಏಳಿದ್ದು ಸರಿಯಾಗೈತೆ ಕಣವ್ವ," ಎಂದ.

"ಏನೋ ಸರಿ? ನನ್ನ ಮಗನಿಗೆ ಏನೋ ಕಮ್ಮಿಯಾಗೈತೆ?"

"ಕಮ್ಮಿ ಅಂತ ಎಲ್ಲಂದ್ಲು? ಗಂಡನಿಗಿಂತ ಜಾಸ್ತಿ ಅಂದ್ಲು." ಅಕ್ಕನ ಕಡೆ ತಿರುಗಿದ. "ಶಾರೀ, ಅಳೋದು ನಿಲ್ಸು, ಬ್ಯಾಳೆ ಉಪ್ಪಾಯ್ತದೆ. ಆ ಗಡಿಯಾರದೋನು ನಮ್ಮೂರಲ್ಲಿ ಯಾರು, ಅದನ್ನೇಳು."

ಹೇಳುವ ಧೈರ್ಯ ಅಕ್ಕನಿಗೆ ಅಷ್ಟರಲ್ಲೇ ಮುಗಿದುಹೋಗಿತ್ತು. ನಾನೇ ಬಾಯಿ ಬಿಟ್ಟೆ. ಬಾಯಿ ಬಿಡುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಮಾರನೆಯ ದಿನ ಮಾವ ಬಿಳಿ ಪಂಚೆ ಉಟ್ಟು, ಸೈಕಲ್ಲಿಗೆ ದ್ರಾಕ್ಷಿ ಬುಟ್ಟಿ ಕಟ್ಟಿಕೊಂಡು ತಣಿಸಂದ್ರಕ್ಕೆ ಹೋದ. ಅಲ್ಲಿ ಏನು ಮಾತಾಡಿದನೋ ಯಾರಿಗೂ ಹೇಳಲಿಲ್ಲ. ಅಷ್ಟು ಕಡಿಮೆ ಮಾತಿನವನು ಸಂಜೆಯವರೆಗೂ ಅಲ್ಲಿದ್ದನೆಂದರೆ ಅವನ ವರ್ಷದ ಮಾತೆಲ್ಲ ಅಂದೇ ಖರ್ಚಾಗಿರಬೇಕು. ವಾಪಸ್ಸು ಬರುವಾಗ ಬುಟ್ಟಿಯಲ್ಲಿ ದ್ರಾಕ್ಷಿಯ ಬದಲು ಅವರ ಮನೆಯ ನಾಲ್ಕು ತೆಂಗಿನಕಾಯಿ ಇದ್ದವು. ಅದನ್ನು ನೋಡಿದೊಡನೆ ಅವರು ಒಪ್ಪಿದರೆಂದು ಅಮ್ಮನಿಗೆ ಅರ್ಥವಾಯಿತು. ಅಪ್ಪ ಹೂಂ ಎಂದರು.

ಅಜ್ಜಿಯದೇ ಕಷ್ಟವಾಯಿತು. ಮಾತು ಬಿಟ್ಟಳು. ಮಾತು ಬಿಟ್ಟಳೆಂದು ಬರುವುದನ್ನು ಬಿಡಲಿಲ್ಲ. ದಿನವೂ ಮಧ್ಯಾಹ್ನ ಬಂದು, ನಮಗೆ ಬೆನ್ನು ಮಾಡಿ ಕೂತು, ಬೇರೆ ಪಾತ್ರೆಯಲ್ಲಿ ತನ್ನ ಪಾಲಿನ ಕಾಳು ಹಿತುಕಿ ಎದ್ದುಹೋಗುತ್ತಿದ್ದಳು. ಜೈನಾಬಿ ಎದ್ದುಹೋಗಿ ಅವಳ ಮುಖಕ್ಕೆ ಎದುರಾಗಿ ಕೂತು, "ಅಜ್ಜಿ, ನಿಮ್ಮ ಮಗ ಬೆಳೆದಿರೋದು ನೀವು ಹೇಳಿದ ಕತೆ ಥರಾನೇ ಅಲ್ವಾ? ಆ ಮಾವನ್ನ ಮಾಡಿದ್ದು ನೀವೇ ತಾನೇ?" ಎಂದು ಒಂದು ದಿನ ಕೇಳಿದಳು. ಅಜ್ಜಿ ನಮ್ಮ ಕಡೆ ತಿರುಗದೆಯೇ, "ನಾನು ಅಷ್ಟು ಒಳ್ಳೇವ್ನ ಮಾಡಬಾರದಾಗಿತ್ತು," ಎಂದಳು. ಆಮೇಲೆ ಕುಲುಕುಲು ಅಲುಗಿತು ಬೆನ್ನು. ನಗುವೋ ಅಳುವೋ ಆ ಕಡೆಯಿಂದ ನೋಡಿದ ಜೈನಾಬಿಗೇ ಗೊತ್ತು. ಅವಳು ಹೇಳಲಿಲ್ಲ.

ಮದುವೆಯ ದಿನ ಶಾರದಕ್ಕನನ್ನು ಎತ್ತಿಕೊಂಡು ಹಸೆಮಣೆಗೆ ತಂದವನು ಕೆಂಪಣ್ಣ ಮಾವ. ಅದು ಸೋದರಮಾವನ ಕೆಲಸ. "ಉಷಾರು ಕಣೋ, ಎಣ್ಣು ದಪ್ಪ ಆಗವ್ಳೆ," ಎಂದು ಅಜ್ಜಿ ಚಪ್ಪರದ ಆ ತುದಿಯಿಂದ ಕೂಗಿದಳು. ಅದು ಅವಳು ಮಾತು ಬಿಟ್ಟ ಮೇಲೆ ಮಗನಿಗೆ ಆಡಿದ ಮೊದಲ ಮಾತು.

ಈ ಗಲಾಟೆಯಲ್ಲಿ ಹಾಳಾದದ್ದು ನನ್ನ ಓದು. ಕಾಲೇಜಿನ ಟೆಸ್ಟಿನಲ್ಲಿ ಆ ಕಾದಂಬರಿಯ ತಂದೆ-ಮಗಳ ಬಾಂಧವ್ಯದ ಬಗ್ಗೆ ಬರೆಯಿರಿ ಎಂದು ಕೊಟ್ಟಿದ್ದರು. ಉತ್ಸಾಹದಿಂದ ಬರೆದೆ. ಪೇಪರು ವಾಪಸ್ಸು ಬಂದಾಗ ಅರ್ಧ ಪುಟಕ್ಕೆ ಕೆಂಪು ಗೆರೆ. ಮಿಸ್ ನನ್ನನ್ನು ಕರೆದು, "ಯಾರಮ್ಮ ಇದು ಅಂಕಲ್ಲು? ಟವೆಲ್ ಹಾಕ್ಕೊಂಡು ಬರ್ತಾರಲ್ಲ?" ಎಂದು ಕೇಳಿದರು. ಏನು ಹೇಳಲಿ? "ನಮ್ಮ ಮನೆಯವರು ಮಿಸ್," ಎಂದೆ. ಇಡೀ ಕ್ಲಾಸು ನಕ್ಕಿತು. ದೊಡ್ಡ ಪರೀಕ್ಷೆಗೆ ಪುಸ್ತಕವನ್ನು ಮೊದಲಿಂದ, ಅದರಲ್ಲಿ ಇರುವವರನ್ನು ಮಾತ್ರ ಇಟ್ಟುಕೊಂಡು, ಓದಬೇಕಾಯಿತು.

ಮನೆಯಲ್ಲಿ ಮದುವೆಯ ನೆಂಟರು ಇನ್ನೂ ಪೂರ್ತಿ ಖಾಲಿಯಾಗಿರಲಿಲ್ಲ. ಅದಕ್ಕೆ ಓದಲೆಂದು ಮಾವನ ತೋಟಕ್ಕೆ ಹೋಗಿದ್ದೆ. ದ್ರಾಕ್ಷಿ ಚಪ್ಪರದ ಕೆಳಗೆ ನೆರಳು ತಂಪಾಗಿತ್ತು. ಮಾವ ಸ್ವಲ್ಪ ದೂರದಲ್ಲಿ ನೀಲಿ ಗೊಂಚಲುಗಳನ್ನು ಕತ್ತರಿಸಿ ಬುಟ್ಟಿಗೆ ಇಡುತ್ತಿದ್ದ. ಬಹಳ ಹೊತ್ತಾದ ಮೇಲೆ ಕೇಳಿದ.

"ಜಯೀ, ಅದೇ ಬುಕ್ಕಾ ಅದು?"

"ಹೂಂ ಮಾವ."

"ಬುಕ್ಕಲ್ಲಿ ಮಾವ ಇಲ್ವಂತಲ್ಲ. ಮತ್ತೆ ಕೊನೇಗೆ ಏನಾಯ್ತದೆ?"

ಹೇಳಿದೆ. ಹುಡುಗಿ ಮನೆ ಬಿಟ್ಟು ಹೋಗಿ ಗಡಿಯಾರದವನನ್ನೇ ಮದುವೆಯಾಗುತ್ತಾಳೆ. ಅಪ್ಪ ಅವಳ ಹೆಸರೆತ್ತುವುದಿಲ್ಲ, ಆದರೆ ದಿನವೂ ಸಂಜೆ ಅವಳ ಕೋಣೆಯಲ್ಲಿ ದೀಪ ಹಚ್ಚಿಸುತ್ತಾನೆ. ವರ್ಷಗಳಾದ ಮೇಲೆ ಅವಳು ಮಗುವನ್ನು ಎತ್ತಿಕೊಂಡು ಬರುವಾಗ ಆ ಮನೆಯಲ್ಲಿ ಬೇರೆ ಯಾರೋ ಇರುತ್ತಾರೆ. ಮಾವ ಕತ್ತರಿ ನಿಲ್ಲಿಸಿ ಕೇಳಿಸಿಕೊಂಡ. ಅಯ್ಯೋ ಪಾಪ ಎಂದ. ಇನ್ನೆರಡು ಗೊಂಚಲು ಕತ್ತರಿಸಿದ.

"ಅಪ್ಪನ ಕತೆ ಆಯ್ತು. ಉಡ್ಗೀದೂ ಆಯ್ತು. ಆ ಇನ್ನೊಬ್ಬ ಇದ್ನಲ್ಲ, ಕುದುರೆ ಕಲ್ಸಿದೋನು. ಅವನೇನಾದ?"

ನಾನು ಹಾಳೆ ತಿರುವಿದೆ. ಹಿಂದೆ ಹೋದೆ, ಮುಂದೆ ಬಂದೆ. ಕತೆ ಬರೆದವರು ಅವನನ್ನು ಒಂದು ಸಂಜೆ ಕುದುರೆ ಹತ್ತಿಸಿ ಕಳಿಸಿದವರು, ಮತ್ತೆ ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ಅಷ್ಟು ದಪ್ಪ ಪುಸ್ತಕದಲ್ಲಿ ಅವನಿಗೆ ಇನ್ನೊಂದು ಸಾಲು ಸಿಕ್ಕಿರಲಿಲ್ಲ.

"ಅದೂ ಇದೆ ಮಾವ," ಎಂದೆ.

"ಎಲ್ಲೈತೆ?" ಬುಟ್ಟಿ ಕೆಳಗಿಟ್ಟು ಹತ್ತಿರ ಬಂದು ಕೂತ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕೈಗೆ ಸಿಕ್ಕ ಪುಟ ತೆರೆದೆ. ಸಮುದ್ರದ ಗಾಳಿಯ ವರ್ಣನೆಯೇನೋ ಇತ್ತು. ಅದರ ಮೇಲೆ ಬೆರಳಿಟ್ಟು ಓದತೊಡಗಿದೆ.

"ಅವನು ಸ್ವಲ್ಪ ದಿನ ಸುಮ್ಮನಿದ್ದ. ಆಮೇಲೆ ಜಮೀನಲ್ಲಿ ದ್ರಾಕ್ಷಿ ಹಾಕ್ದ."

"ಆ ಚಳೀಲಿ ದ್ರಾಕ್ಷಿ ಬತ್ತದಾ?"

"ಇವನ ತೋಟದಲ್ಲಿ ಬಂತಂತೆ. ಆಮೇಲೆ ಮದುವೆ ಆದ. ಹೆಂಡ್ತಿ ಬಾಯಿ ಜೋರು, ಇವನು ಮಾತಾಡದಿದ್ರೂ ನಡೀತಿತ್ತು."

ಮಾವನ ಮೀಸೆ ಸ್ವಲ್ಪ ಅಲುಗಿತು. "ಆ ಉಡ್ಗಿ?"

"ಅವಳು ವರ್ಷ ವರ್ಷ ಬರ್ತಾಳೆ ಮಾವ. ಕಷ್ಟವಾಗ್ಲಿ ಸುಖವಾಗ್ಲಿ, ಅವಳು ಮೊದ್ಲು ಬಂದು ಹೇಳೋದು ಅವನ ಹತ್ರಾನೇ."

ಮಾವ ನನ್ನ ಮುಖ ನೋಡಲಿಲ್ಲ. ದ್ರಾಕ್ಷಿ ರಸದಿಂದ ನೀಲಿಯಾಗಿದ್ದ ತನ್ನ ಬೆರಳನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು, ನಾನು ಬೆರಳಿಟ್ಟಿದ್ದ ಸಾಲಿನ ಮೇಲೆ ಮೆಲ್ಲಗೆ ಇಟ್ಟ.

"ಇದಾ?" ಎಂದ.

"ಹೂಂ. ಇದೇ."

"ಇನ್ನೊಂದ್ಸಲ ಓದು."